ಸಂಘ ಸಂಘಗಳ ನಡುವೆ ಮಾಹಿತಿ ಹಂಚಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈಯ ಮಾಟುಂಗದಿಂದ ಡೊಂಬಿವಲಿವರೆಗೆ, ಆಚೆ ವಾಶಿವರೆಗೆ, ಕನ್ನಡ ಸಂಘಗಳೂ ಟ್ರಸ್ಟ್‌ಗಳೂ ಹಲವು ಕೆಲಸಗಳನ್ನು ಒಟ್ಟಾಗಿ ಮಾಡುತ್ತವೆ. ಮಕ್ಕಳಿಗೆ ಸ್ಕಾಲರ್‌ಶಿಪ್, ಊರಿಂದ ಚಿಕಿತ್ಸೆಗೆ ಬಂದವರಿಗೆ ನೆರವು, ರಕ್ತದಾನಿಗಳ ಪಟ್ಟಿ, ಹೀಗೆ. ಕೆಲಸ ಒಟ್ಟಿಗೆ ಅಂದಮೇಲೆ ಜನರ ಮಾಹಿತಿಯೂ ಒಂದು ಆಫೀಸಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಆ ಬಗ್ಗೆ ಕಮಿಟಿ ಮೀಟಿಂಗ್‌ಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇಲ್ಲಿವೆ. ಕಾರ್ಯದರ್ಶಿಗಳು, ಖಜಾಂಚಿಗಳು ಮತ್ತು ಅವರ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಹುಡುಗ ಹುಡುಗಿಯರಿಗಾಗಿ ಬರೆದದ್ದು.

ನಾವೆಲ್ಲ ಪರಿಚಯದವರೇ. ಇದಕ್ಕೆಲ್ಲ ನಿಯಮ ಯಾಕೆ ಬೇಕು?

ಪರಿಚಯ ಇರುವುದು ನಿಮ್ಮಿಬ್ಬರ ನಡುವೆ. ಪಟ್ಟಿ ನಿಮ್ಮಿಬ್ಬರಲ್ಲೇ ನಿಲ್ಲುವುದಿಲ್ಲ. ಅದು ಆಫೀಸಿನ ಕಂಪ್ಯೂಟರ್‌ಗೆ ಹೋಗುತ್ತದೆ, ಅಲ್ಲಿಂದ ಲೆಕ್ಕ ಬರೆಯುವವರ ಇಮೇಲ್‌ಗೆ, ಅಲ್ಲಿಂದ ಯಾರದೋ ಪೆನ್ ಡ್ರೈವ್‌ಗೆ. ಚುನಾವಣೆ ಆಗಿ ಕಮಿಟಿ ಬದಲಾಗುತ್ತದೆ. ಹಳೇ ಕಾರ್ಯದರ್ಶಿಯ ಫೋನಿನಲ್ಲಿ ಮಾತ್ರ ಪಟ್ಟಿ ಹಾಗೇ ಉಳಿಯುತ್ತದೆ.

ಇನ್ನೊಂದು ವಿಷಯವಿದೆ, ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಆ ಮಾಹಿತಿ ಸಂಘದ್ದಲ್ಲ. ಡೊಂಬಿವಲಿಯ ಒಬ್ಬ ಹುಡುಗಿ ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಅಪ್ಪನ ಆದಾಯ, ಮನೆ ವಿಳಾಸ, ಜಾತಿ, ಫೋನ್ ನಂಬರ್ ಎಲ್ಲ ಬರೆಯುತ್ತಾಳೆ. ಅವಳು ನಂಬಿದ್ದು ಒಂದು ಸಂಘವನ್ನು, ಅದೂ ಒಂದು ಕೆಲಸಕ್ಕೆ. ಅದೇ ಕಾಗದ ನಾಳೆ ವಧು-ವರ ವಿಭಾಗದವರ ಕೈಗೆ ಸಿಕ್ಕಿ ಅವರ ಮನೆಗೆ ಫೋನ್ ಹೋದರೆ, ಯಾರೂ ಕಳ್ಳತನ ಮಾಡಿಲ್ಲ, ಆದರೂ ಆಗಬಾರದ್ದು ಆಯಿತು ಅಲ್ವಾ?

ಹಾಗಾದ್ರೆ ಹಂಚಿಕೊಳ್ಳಲೇಬಾರದಾ?

ಹಂಚಿಕೊಳ್ಳಬೇಕು. ಇಲ್ಲದಿದ್ದರೆ ಕಷ್ಟಪಡುವುದು ನೆರವು ಬೇಕಾದವರೇ. ಕಲಬುರಗಿಯಿಂದಲೋ ಕುಂದಾಪುರದಿಂದಲೋ ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಗೆ ಬಂದ ಕುಟುಂಬ ಒಂದು ಸಂಘದಲ್ಲಿ ಔಷಧಿಗೆ, ಇನ್ನೊಂದರಲ್ಲಿ ಉಳಿದುಕೊಳ್ಳಲು, ಮತ್ತೊಂದರಲ್ಲಿ ರಕ್ತಕ್ಕೆ ಅಂತ ಅದೇ ಜೆರಾಕ್ಸ್ ಕಟ್ಟು ಹಿಡಿದು ಅಲೆಯುತ್ತದೆ. ಪ್ರತಿ ಕಡೆಯೂ ಕಾಯಿಲೆಯ ಕಥೆ ಮೊದಲಿನಿಂದ ಹೇಳಬೇಕು. ಇದನ್ನು ತಪ್ಪಿಸುವುದಕ್ಕೇ ಹಂಚಿಕೆ ಬೇಕು.

ಆದರೆ ಪಟ್ಟಿ ಕೊಡುವುದಕ್ಕೂ ಉತ್ತರ ಕೊಡುವುದಕ್ಕೂ ವ್ಯತ್ಯಾಸ ಇದೆ. ಎರಡನೇ ಸಂಘಕ್ಕೆ ಬೇಕಾಗಿರುವುದು ಏನು? "ಈ ವಿದ್ಯಾರ್ಥಿಗೆ ಈ ವರ್ಷ ನೀವು ಸಹಾಯ ಮಾಡಿದ್ದೀರಾ?" ಹೌದು ಅಥವಾ ಇಲ್ಲ. "ಆದಾಯ ನಾವು ಇಟ್ಟ ಮಿತಿಯ ಒಳಗೆ ಇದೆಯಾ?" ಹೌದು ಅಥವಾ ಇಲ್ಲ. ಅಪ್ಪನ ಸಂಬಳ ಎಷ್ಟು, ಹೋಟೆಲ್ಲೋ ಫ್ಯಾಕ್ಟರಿಯೋ, ಬಾಡಿಗೆ ಮನೆಯೋ ಸ್ವಂತದ್ದೋ, ಅದೆಲ್ಲ ಅವರಿಗೆ ಬೇಡ. ಲೋಕಲ್ ಟ್ರೈನಿನಲ್ಲಿ ಟಿಸಿ ಪಾಸ್ ನೋಡುತ್ತಾರೆ, ಸರಿ ಅಂತ ಮುಂದೆ ಹೋಗುತ್ತಾರೆ. ಜೆರಾಕ್ಸ್ ಇಟ್ಟುಕೊಳ್ಳುವುದಿಲ್ಲ. ನಮ್ಮ ನಡುವಿನ ಮುಕ್ಕಾಲು ಪಾಲು ಹಂಚಿಕೆ ಹಾಗೆ ನಡೆದರೆ ಸಾಕು.

ಆಕ್ಸೆಸ್ ನಿಯಮ ಅಂದ್ರೆ ಏನು? ನೋಡೋಕೆ ಹೇಗಿರುತ್ತೆ?

ಯಾರು, ಯಾವ ಮಾಹಿತಿಯನ್ನು, ಯಾವ ಕೆಲಸಕ್ಕೆ, ಎಲ್ಲಿವರೆಗೆ ನೋಡಬಹುದು. ಈ ನಾಲ್ಕನ್ನೂ ಒಂದೇ ಉಸಿರಿನಲ್ಲಿ ಹೇಳುವ ವಾಕ್ಯವೇ ನಿಯಮ. ಉದಾಹರಣೆಗೆ ಹೀಗೆ:

"ಪಾಲುದಾರ ಸಂಘದ ಸ್ಕಾಲರ್‌ಶಿಪ್ ಸಮಿತಿಯ ಸದಸ್ಯರು, ತಮ್ಮಲ್ಲಿ ಅರ್ಜಿ ಹಾಕಿರುವ ವಿದ್ಯಾರ್ಥಿಗೆ ನಮ್ಮಿಂದ ಈ ವರ್ಷ ನೆರವು ಹೋಗಿದೆಯೇ ಎಂಬುದನ್ನು ಮಾತ್ರ, ಜೂನ್ 15ರಿಂದ ಆಗಸ್ಟ್ 31ರವರೆಗೆ ಕೇಳಿ ತಿಳಿಯಬಹುದು. ಮೊತ್ತ, ಆದಾಯ, ವಿಳಾಸ ಕಾಣಬಾರದು. ಯಾರು ಕೇಳಿದರು, ಯಾವಾಗ ಕೇಳಿದರು ಎಂಬುದು ದಾಖಲಾಗಬೇಕು."

ಇದನ್ನು ಕಂಪ್ಯೂಟರ್‌ಗೆ ಅರ್ಥವಾಗುವ ಹಾಗೆ ಬರೆಯುವುದು ಆಮೇಲಿನ ಮಾತು. ಕಮಿಟಿಯಲ್ಲಿ ಓದಿ ಒಪ್ಪಿಗೆ ಆಗದ ನಿಯಮವನ್ನು ಸಾಫ್ಟ್‌ವೇರ್‌ಗೆ ಹಾಕಿ ಏನೂ ಪ್ರಯೋಜನವಿಲ್ಲ. ಕನ್ನಡದಲ್ಲೇ ಬರೆಯಿರಿ. ಮೀಟಿಂಗ್‌ನಲ್ಲಿ ಎಲ್ಲರೂ ಓದಬಹುದು, ಜಗಳವೂ ಅಲ್ಲೇ ಮುಗಿಯುತ್ತದೆ.

ಕೊನೆಗೆ ಒಂದು ಸಾಲು ಎಲ್ಲ ನಿಯಮಪಟ್ಟಿಯಲ್ಲೂ ಇರಬೇಕು: ಇಲ್ಲಿ ಹೇಳದೇ ಇರುವುದಕ್ಕೆಲ್ಲ ಉತ್ತರ "ಇಲ್ಲ". ಜೆರೋಮ್ ಸಾಲ್ಟ್ಜರ್ ಮತ್ತು ಮೈಕಲ್ ಶ್ರೋಡರ್ ಎಂಬ ಇಬ್ಬರು ಕಂಪ್ಯೂಟರ್ ವಿಜ್ಞಾನಿಗಳು 1975ರಲ್ಲೇ ಇದನ್ನು ಹೇಳಿದ್ದರು. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕು ಎಂದೂ ಅದೇ ಬರಹದಲ್ಲಿ ಹೇಳಿದ್ದರು. ಐವತ್ತು ವರ್ಷ ಆಯಿತು, ನಮ್ಮ ಶೀಟ್‌ಗಳು ಇನ್ನೂ ಎಲ್ಲರಿಗೂ ತೆರೆದೇ ಇರುತ್ತವೆ.

ಹುದ್ದೆ ನೋಡಿ ಕೊಟ್ಟರೆ ಸಾಕಲ್ವಾ? ಕಾರ್ಯದರ್ಶಿಗೆ ಎಲ್ಲ, ಸದಸ್ಯರಿಗೆ ಸ್ವಲ್ಪ?

ಒಂದೇ ಸಂಘದ ಒಳಗೆ ಅದು ಚೆನ್ನಾಗಿಯೇ ನಡೆಯುತ್ತದೆ. ಹುದ್ದೆಯನ್ನು ಆಧರಿಸಿ ಅನುಮತಿ ಕೊಡುವ ಈ ಪದ್ಧತಿಗೆ 1992ರಲ್ಲಿ ಫೆರಾಯೊಲೊ ಮತ್ತು ಕೂನ್ ಎಂಬ ಸಂಶೋಧಕರು ಸರಿಯಾದ ರೂಪ ಕೊಟ್ಟರು. ಬ್ಯಾಂಕು, ಆಸ್ಪತ್ರೆಗಳೆಲ್ಲ ಇವತ್ತಿಗೂ ಬಳಸುತ್ತವೆ.

ಹಲವು ಸಂಘಗಳು ಸೇರಿದಾಗ ತೊಡಕು ಬರುತ್ತದೆ. ಒಂದು ಕಡೆ "ಕಾರ್ಯದರ್ಶಿ" ಅಂದರೆ ದಿನಾ ಆಫೀಸಿಗೆ ಬಂದು ಅರ್ಜಿ ನೋಡುವವರು. ಇನ್ನೊಂದು ಕಡೆ ರಾಜ್ಯೋತ್ಸವದ ವೇದಿಕೆ ಮೇಲೆ ಕಾಣುವವರು. ಹೆಸರು ಒಂದೇ, ಕೆಲಸ ಬೇರೆ. ಅದಕ್ಕೆ ಹುದ್ದೆಯ ಜೊತೆಗೆ ಬೇರೆ ಗುಣಗಳನ್ನೂ ನೋಡಬೇಕಾಗುತ್ತದೆ: ಯಾವ ಸಂಘ, ಯಾವ ಸಮಿತಿ, ಈ ಅರ್ಜಿ ಅವರ ಮುಂದೆ ಇದೆಯೇ, ವಿದ್ಯಾರ್ಥಿ ಒಪ್ಪಿಗೆ ಕೊಟ್ಟಿದ್ದಾರೆಯೇ, ಅವಧಿ ಮುಗಿದಿದೆಯೇ. ಹೀಗೆ ಗುಣಗಳನ್ನು ನೋಡಿ ನಿರ್ಧರಿಸುವ ಪದ್ಧತಿಗೆ ಅಮೆರಿಕದ ಮಾನದಂಡಗಳ ಸರ್ಕಾರಿ ಸಂಸ್ಥೆ ನಿಸ್ಟ್ 2014ರಲ್ಲಿ ಒಂದು ಮಾರ್ಗದರ್ಶಿ ಹೊರಡಿಸಿತು. ನಮಗೆ ಅಷ್ಟು ದೊಡ್ಡ ಪುಸ್ತಕ ಬೇಡ. "ಈ ಅರ್ಜಿ ಇವರ ಮುಂದೆ ಇದೆಯೇ?" ಎಂಬ ಒಂದು ಪ್ರಶ್ನೆ ಸೇರಿಸಿದರೂ ಸುಮ್ನೆ ಕುತೂಹಲಕ್ಕೆ ಇಣುಕುವವರು ಹೊರಗುಳಿಯುತ್ತಾರೆ.

ಎರಡು ಸಂಘಗಳ ನಿಯಮ ಒಂದಕ್ಕೊಂದು ಹೊಂದದಿದ್ದರೆ?

ಹೊಂದುವುದಿಲ್ಲ, ಅದು ಸಹಜ. ಮೊದಲೇ ತೀರ್ಮಾನಿಸಿಕೊಳ್ಳಿ: ಯಾರಾದರೂ ಒಬ್ಬರ ನಿಯಮ "ಬೇಡ" ಅಂದರೆ ಉತ್ತರ "ಬೇಡ". ಇಂಥ ನಿಯಮಗಳನ್ನು ಬರೆಯಲೆಂದೇ ಇರುವ ಎಕ್ಸ್‌ಎಸಿಎಂಎಲ್ ಎಂಬ ಮಾದರಿಯಲ್ಲಿ, ನಿಯಮಗಳು ತಿಕ್ಕಾಡಿದಾಗ ಯಾವುದು ಗೆಲ್ಲಬೇಕು ಎಂಬುದನ್ನೂ ಬರೆದೇ ಇಡಬೇಕು. "ನಿರಾಕರಣೆ ಗೆಲ್ಲುತ್ತದೆ", "ಅನುಮತಿ ಗೆಲ್ಲುತ್ತದೆ" ಎಂದು ಆಯ್ಕೆಗಳೂ ಇವೆ. ಜನರ ಆದಾಯ, ಕಾಯಿಲೆಯಂಥ ವಿಷಯಕ್ಕೆ ಮೊದಲನೆಯದೇ ಸರಿ.

ಮರೆಯುವ ನಿಯಮ ಇನ್ನೊಂದಿದೆ. ಪಡೆದವರು ಮೂರನೆಯವರಿಗೆ ಕೊಡಬಹುದೇ? ಚೆಂಬೂರಿನವರು ಗೋರೆಗಾಂವ್‌ನವರಿಗೆ ಕೊಟ್ಟದ್ದು ಠಾಣೆಗೆ ಹೋಗಬಹುದೇ? ಇದನ್ನು ಬರೆಯದಿದ್ದರೆ ಹೋಗುತ್ತದೆ. ನನ್ನ ಸಲಹೆ: ಕೇಳುವವರು ಮೂಲದವರನ್ನೇ ಕೇಳಲಿ.

ಹೌದು-ಇಲ್ಲ ಉತ್ತರವನ್ನೇ ಕೇಳಿ ಕೇಳಿ ಎಲ್ಲ ತಿಳಿದುಕೊಳ್ಳಬಹುದಲ್ಲ?

ಬಹುದು. ಒಳ್ಳೆಯ ಪ್ರಶ್ನೆ. "ಆದಾಯ 3 ಲಕ್ಷದ ಒಳಗಾ?" ಹೌದು. "2 ಲಕ್ಷದ ಒಳಗಾ?" ಇಲ್ಲ. "ಎರಡೂವರೆ?" ಹೌದು. ಇನ್ನೆರಡು ಪ್ರಶ್ನೆಗೆ ಹೆಚ್ಚು ಕಡಿಮೆ ಸಂಬಳವೇ ಗೊತ್ತಾಯಿತು. ಅದಕ್ಕೆ ಮಿತಿಯ ಅಂಕಿಯನ್ನು ಕೇಳುವವರು ಹೇಳಬಾರದು, ಅದು ನಿಯಮದಲ್ಲೇ ಇರಬೇಕು. ಒಬ್ಬ ವಿದ್ಯಾರ್ಥಿಯ ಬಗ್ಗೆ ಒಂದು ಸಂಘ ವರ್ಷಕ್ಕೆ ಎಷ್ಟು ಸಲ ಕೇಳಬಹುದು ಎಂಬುದಕ್ಕೂ ಮಿತಿ ಇರಲಿ.

ಫೋನ್ ನಂಬರನ್ನು ಹ್ಯಾಶ್ ಮಾಡಿ ಕಳಿಸಿದರೆ ಸುರಕ್ಷಿತ ಅಂತಾರೆ. ನಿಜಾನಾ?

ಕಂಪ್ಯೂಟರ್ ಓದಿದ ಹುಡುಗರು ಮೊದಲು ಹೇಳುವ ಉಪಾಯ ಇದು. ಹ್ಯಾಶ್ ಅಂದರೆ ನಂಬರನ್ನು ಹಿಂದಕ್ಕೆ ತಿರುಗಿಸಲಾಗದ ಒಂದು ಉದ್ದನೆಯ ಗುರುತಾಗಿ ಬದಲಿಸುವುದು. ಎರಡೂ ಸಂಘಗಳು ತಮ್ಮ ಪಟ್ಟಿಯನ್ನು ಹೀಗೆ ಬದಲಿಸಿ ಹೋಲಿಸಿದರೆ, ನಂಬರ್ ತೋರಿಸದೆಯೇ ಇಬ್ಬರಲ್ಲೂ ಇರುವವರು ಸಿಗುತ್ತಾರೆ. ಕೇಳಲು ಚೆನ್ನಾಗಿದೆ.

ಆದರೆ ನಮ್ಮ ದೇಶದ ಮೊಬೈಲ್ ನಂಬರ್ 10 ಅಂಕಿಯದು, ಶುರುವಾಗುವುದು 6, 7, 8 ಅಥವಾ 9ರಿಂದ. ಅಂದರೆ ಇರಬಹುದಾದ ನಂಬರ್‌ಗಳು ಹೆಚ್ಚೆಂದರೆ 400 ಕೋಟಿ. ನಮಗೆ ದೊಡ್ಡ ಸಂಖ್ಯೆ, ಇವತ್ತಿನ ಕಂಪ್ಯೂಟರ್‌ಗೆ ಏನೂ ಅಲ್ಲ. ಅಷ್ಟೂ ನಂಬರ್‌ಗಳ ಹ್ಯಾಶ್ ಮಾಡಿ ಪಕ್ಕದಲ್ಲಿಟ್ಟು ನೋಡಿದರೆ ಎಲ್ಲ ನಂಬರೂ ಹೊರಬರುತ್ತವೆ. ಆಧಾರ್ 12 ಅಂಕಿ, ಅದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಬೇಕು, ಅಷ್ಟೆ. ಹಿಂದಕ್ಕೆ ತಿರುಗಿಸಲಾಗದು ಎಂಬ ಮಾತು ಸುಳ್ಳಲ್ಲ. ಆದರೆ ತಿರುಗಿಸುವ ಅಗತ್ಯವೇ ಇಲ್ಲ, ಎಲ್ಲವನ್ನೂ ಮಾಡಿ ನೋಡಿದರಾಯಿತು.

ಒಂದು ಗುಟ್ಟಿನ ಕೀ ಬೆರೆಸಿ ಹ್ಯಾಶ್ ಮಾಡಿದರೆ ಹೊರಗಿನವರಿಗೆ ಈ ದಾರಿ ಮುಚ್ಚುತ್ತದೆ. ಆದರೆ ಕೀ ಇಬ್ಬರ ಬಳಿಯೂ ಇದ್ದರೆ ಅವರವರೇ ಇದನ್ನು ಮಾಡಬಹುದು. ಇದಕ್ಕಿಂತ ಒಳ್ಳೆಯ ವಿಧಾನದಲ್ಲಿ ಪ್ರತಿಯೊಬ್ಬರೂ ತಮ್ಮದೇ ಗುಟ್ಟಿನ ಸಂಖ್ಯೆ ಬೆರೆಸಿ ಇನ್ನೊಬ್ಬರಿಗೆ ಕೊಡುತ್ತಾರೆ, ಅವರು ಅದರ ಮೇಲೆ ತಮ್ಮದನ್ನು ಬೆರೆಸುತ್ತಾರೆ. ಯಾರು ಮೊದಲು ಬೆರೆಸಿದರೂ ಕೊನೆಯ ಫಲ ಒಂದೇ ಆಗುವ ಗಣಿತ ಅದು. ಇಬ್ಬರಲ್ಲೂ ಇರುವ ಹೆಸರುಗಳು ಮಾತ್ರ ಹೊಂದುತ್ತವೆ, ಉಳಿದವು ಗೊತ್ತಾಗುವುದಿಲ್ಲ. ಇದಕ್ಕೆ ಪ್ರೈವೇಟ್ ಸೆಟ್ ಇಂಟರ್‌ಸೆಕ್ಷನ್ ಎನ್ನುತ್ತಾರೆ, ಉಚಿತವಾಗಿ ಸಿಗುವ ಸಾಫ್ಟ್‌ವೇರ್ ಇದೆ. ಇಲ್ಲೂ ಒಂದು ಎಚ್ಚರ ಬೇಕು. ಎದುರಿನವರು ತಮ್ಮ ಪಟ್ಟಿಗೆ ಊರಿನ ನಂಬರೆಲ್ಲ ತುಂಬಿಸಿ ತಂದರೆ ನಿಮ್ಮ ಪಟ್ಟಿ ಪೂರ್ತಿ ಹೊಂದಿಬಿಡುತ್ತದೆ. ಆದ್ದರಿಂದ ಪಟ್ಟಿಯ ಉದ್ದಕ್ಕೆ ಮಿತಿ ಹಾಕಬೇಕು.

ಸಣ್ಣ ಸಂಘಗಳಿಗೆ ಇಷ್ಟೆಲ್ಲ ಬೇಡ. ಒಂದೊಂದೇ ನಂಬರ್ ಹಾಕಿ ಕೇಳುವ ವ್ಯವಸ್ಥೆ, ಕೇಳಿದ್ದಕ್ಕೆ ದಾಖಲೆ, ದಿನಕ್ಕೊಂದು ಮಿತಿ. ಇಷ್ಟಿದ್ದರೆ ಸಾಕು.

ಹೆಸರು, ನಂಬರ್ ತೆಗೆದು ಕೊಟ್ಟರೆ?

ಸಾಲದು. ಅಮೆರಿಕದಲ್ಲಿ ಲತಾನ್ಯಾ ಸ್ವೀನಿ ಎಂಬ ಸಂಶೋಧಕಿ, ಪಿನ್‌ಕೋಡ್, ಹುಟ್ಟಿದ ದಿನ, ಗಂಡೋ ಹೆಣ್ಣೋ ಎಂಬ ಮೂರರಿಂದಲೇ ಅಲ್ಲಿನ ಶೇ. 87ರಷ್ಟು ಜನರನ್ನು ಗುರುತಿಸಬಹುದು ಎಂದು 2000ದಲ್ಲಿ ಲೆಕ್ಕ ಹಾಕಿದ್ದರು. ನಮ್ಮ ಪಿನ್‌ಕೋಡ್‌ಗಳಲ್ಲಿ ಜನ ಜಾಸ್ತಿ, ನಿಜ. ಆದರೆ "400019, ಕನ್ನಡ ಮನೆಮಾತು, 12ನೇ ಕ್ಲಾಸ್, ತಂದೆ ಇಲ್ಲ" ಅಂದರೆ ಮಾಟುಂಗದ ಸಂಘದಲ್ಲಿ ಯಾರು ಅಂತ ಹೇಳಲು ಕಂಪ್ಯೂಟರೇ ಬೇಡ. ನಮ್ಮದು ಸಣ್ಣ ಸಮುದಾಯ, ಎಲ್ಲರಿಗೂ ಎಲ್ಲರೂ ಗೊತ್ತು. ವರದಿಗೆ ಬೇಕಾದರೆ ಒಟ್ಟು ಸಂಖ್ಯೆ ಕೊಡಿ. ಒಂದು ಗುಂಪಿನಲ್ಲಿ ನಾಲ್ಕೈದು ಜನಕ್ಕಿಂತ ಕಡಿಮೆ ಇದ್ದರೆ ಅದನ್ನು ಬೇರೆ ಗುಂಪಿಗೆ ಸೇರಿಸಿ.

ಗೂಗಲ್ ಶೀಟ್ ಸಾಕಾಗಲ್ವಾ?

ಎರಡು ಮೂರು ಸಂಘ, ಕೆಲವೇ ಜನ ಅಂದರೆ ಸಾಕು. ಸರಿಯಾಗಿ ಬಳಸಬೇಕು ಅಷ್ಟೆ. "ಲಿಂಕ್ ಇರುವ ಯಾರಾದರೂ ನೋಡಬಹುದು" ಎಂಬ ಆಯ್ಕೆಯನ್ನು ಮುಟ್ಟಬೇಡಿ. ಪ್ರತಿಯೊಬ್ಬರ ಇಮೇಲ್ ಹಾಕಿಯೇ ಅನುಮತಿ ಕೊಡಿ.

ಕಾಲಮ್ ಅಡಗಿಸಿಟ್ಟರೆ ಕಾಣಲ್ಲ ಅಂದುಕೊಳ್ಳುವುದು ತಪ್ಪು. ನೋಡುವ ಅನುಮತಿ ಇದ್ದವರು ಶೀಟಿನ ಕಾಪಿ ಮಾಡಿಕೊಂಡು ಅಡಗಿಸಿದ್ದನ್ನು ತೆರೆಯಬಹುದು. ಒಂದು ಶೀಟಿನಿಂದ ಇನ್ನೊಂದಕ್ಕೆ ಮಾಹಿತಿ ಎಳೆಯುವ ಇಂಪೋರ್ಟ್‌ರೇಂಜ್ ಸೂತ್ರವೂ ಹಾಗೇ. ಒಮ್ಮೆ ಅನುಮತಿ ಒತ್ತಿದಿರಿ ಅಂದರೆ, ಆ ಎರಡನೇ ಶೀಟನ್ನು ತಿದ್ದಬಲ್ಲವರು ಮೂಲ ಶೀಟಿನ ಯಾವ ಭಾಗವನ್ನು ಬೇಕಾದರೂ ಎಳೆದುಕೊಳ್ಳಬಹುದು, ನೀವು ಉದ್ದೇಶಿಸಿದ ಎರಡು ಕಾಲಮ್ ಮಾತ್ರ ಅಲ್ಲ. ಹಂಚುವ ಮಾಹಿತಿಗೆ ಬೇರೆಯೇ ಫೈಲ್ ಮಾಡಿ. ಅದರಲ್ಲಿ ಹಂಚಬಾರದ್ದು ಇರಲೇಬಾರದು.

ವಾಟ್ಸಾಪ್ ಎನ್‌ಕ್ರಿಪ್ಟ್ ಆಗಿರುತ್ತೆ ಅಂತಾರಲ್ಲ?

ದಾರಿಯಲ್ಲಿ ಯಾರೂ ಓದಲಾರರು, ಅಷ್ಟು ನಿಜ. ತಲುಪಿದ ಮೇಲೆ ಗುಂಪಿನ ಪ್ರತಿ ಫೋನಿನಲ್ಲೂ ಒಂದೊಂದು ಪ್ರತಿ. ಅದನ್ನು ಇನ್ನೊಬ್ಬರಿಗೆ ಕಳಿಸಲು ಒಂದು ಬೆರಳು ಸಾಕು. ಎಕ್ಸೆಲ್ ಫೈಲನ್ನು ಅಲ್ಲಿ ಹಾಕಬೇಡಿ.

ಯಾರು ಲಾಗಿನ್ ಆಗಿದ್ದಾರೆ ಅಂತ ನಂಬೋದು ಹೇಗೆ?

ಪ್ರತಿ ಸಂಘವೂ ತನ್ನವರಿಗೆ ತಾನೇ ಸಾಕ್ಷಿ ಹೇಳಬೇಕು. "ಇವರು ನಮ್ಮ ವೈದ್ಯಕೀಯ ನೆರವು ಸಮಿತಿಯವರು" ಎಂದು ಅವರ ಕಡೆಯ ಲಾಗಿನ್ ಹೇಳುತ್ತದೆ, ನಿಮ್ಮ ಕಡೆಯ ನಿಯಮ ಅದನ್ನು ನೋಡಿ ತೀರ್ಮಾನಿಸುತ್ತದೆ. ಇದಕ್ಕೆ 2005ರ ಸ್ಯಾಮ್ಲ್ 2.0, 2014ರ ಓಪನ್ ಐಡಿ ಕನೆಕ್ಟ್ ಎಂಬ ಮಾದರಿಗಳಿವೆ. ಗೂಗಲ್ ಖಾತೆಯಿಂದ ಬೇರೆ ವೆಬ್‌ಸೈಟಿಗೆ ಲಾಗಿನ್ ಆಗುವಾಗ ಎರಡನೆಯದನ್ನು ನೀವು ಬಳಸಿಯೇ ಇರುತ್ತೀರಿ.

ತಂತ್ರ ಯಾವುದಾದರೂ ಇರಲಿ, ಕೈಕೊಡುವುದು ಒಂದೇ ಕಡೆ: ಇಡೀ ಆಫೀಸಿಗೆ ಒಂದೇ ಲಾಗಿನ್, ಅದರ ಪಾಸ್‌ವರ್ಡ್ ಮಾನಿಟರ್ ಮೇಲಿನ ಚೀಟಿಯಲ್ಲಿ. ಹಾಗಿದ್ದರೆ ಎಂಥ ನಿಯಮವಿದ್ದರೂ ಅಷ್ಟೇ. ಹೊಸ ಕಮಿಟಿ ಬಂದ ವಾರದಲ್ಲೇ ಹಳಬರ ಅನುಮತಿ ತೆಗೆಯಿರಿ. ಮುಜುಗರ ಆಗುತ್ತದೆ, ಅರ್ಥವಾಗುತ್ತದೆ. ಅವಧಿ ಮುಗಿದ ದಿನವೇ ತಾನಾಗಿ ನಿಲ್ಲುವಂತೆ ನಿಯಮದಲ್ಲಿ ತಾರೀಕು ಹಾಕಿದ್ದರೆ ಯಾರೂ ಯಾರಿಗೂ ಹೇಳಬೇಕಾಗಿಲ್ಲ.

ಕಾನೂನು ಏನು ಹೇಳುತ್ತೆ? ನಾವು ಸಂಘದವರು, ನಮಗೂ ಅನ್ವಯಿಸುತ್ತಾ?

ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆ 2023ರ ಆಗಸ್ಟ್‌ನಲ್ಲಿ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು. ಮುಖ್ಯ ಹೊಣೆಗಾರಿಕೆಗಳು ಅಲ್ಲಿಂದ 18 ತಿಂಗಳ ನಂತರ ಜಾರಿಗೆ ಬರುವಂತೆ ಸಮಯ ಕೊಟ್ಟಿದ್ದಾರೆ, ಅಂದರೆ 2027ರ ಮೇ ಹೊತ್ತಿಗೆ. ಕಂಪನಿಗಳಿಗೆ ಮಾತ್ರ ಅಂತ ಕಾಯ್ದೆ ಹೇಳಿಲ್ಲ. ನೋಂದಣಿ ಆಗಿರಲಿ ಬಿಡಲಿ, ಜನರ ಕೂಟಗಳೂ ಅದರ ವ್ಯಾಪ್ತಿಯಲ್ಲಿವೆ. ಕಾಗದದ ಅರ್ಜಿಯನ್ನು ಸ್ಕ್ಯಾನ್ ಮಾಡಿದರೂ ಸೇರುತ್ತದೆ.

ನಮಗೆ ತಟ್ಟುವ ಅಂಶಗಳು ಇವು. 18 ವರ್ಷದ ಒಳಗಿನವರ ಮಾಹಿತಿಗೆ ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು, ಅದನ್ನು ಖಚಿತಪಡಿಸಿಕೊಳ್ಳಲೂ ಬೇಕು. ಸ್ಕಾಲರ್‌ಶಿಪ್ ಅರ್ಜಿಗಳಲ್ಲಿ ಮುಕ್ಕಾಲು ಮಕ್ಕಳದೇ ಆಗಿರುವುದರಿಂದ ಇದು ದೊಡ್ಡ ಕೆಲಸ. ಒಪ್ಪಿಗೆ ಕೇಳುವ ಪತ್ರವನ್ನು ಇಂಗ್ಲಿಷ್‌ನಲ್ಲೋ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲೋ ಓದುವ ಅವಕಾಶ ಇರಬೇಕು. ಕನ್ನಡವೂ ಮರಾಠಿಯೂ ಅದರಲ್ಲಿವೆ. ಕನ್ನಡ ಸಂಘ ಇಂಗ್ಲಿಷ್ ಫಾರಂ ಮಾತ್ರ ಕೊಡುವುದಕ್ಕೆ ಇನ್ನು ನೆಪವಿಲ್ಲ! ನನ್ನ ಮಾಹಿತಿಯನ್ನು ಯಾರು ಯಾರಿಗೆ ಕೊಟ್ಟಿದ್ದೀರಿ ಎಂದು ಕೇಳುವ ಹಕ್ಕು ಅರ್ಜಿದಾರರಿಗಿದೆ. ದಾಖಲೆ ಇಡದವರು ಉತ್ತರ ಹೇಗೆ ಕೊಡುತ್ತಾರೆ? ಮಾಹಿತಿಗೆ ತಕ್ಕ ರಕ್ಷಣೆ ಕೊಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಅದು ಗರಿಷ್ಠ ಮಿತಿ, ಸಣ್ಣ ಟ್ರಸ್ಟಿಗೆ ಅಷ್ಟೇ ಬೀಳುತ್ತದೆ ಅಂತಲ್ಲ. ಹೆದರಿಸಲು ಹೇಳುತ್ತಿಲ್ಲ, ಆದರೆ ನಿಮ್ಮ ವಕೀಲರ ಹತ್ತಿರ ಒಮ್ಮೆ ಕೂತು ಮಾತಾಡಿ.

ಒಪ್ಪಿಗೆ ಹಿಂದಕ್ಕೆ ತಗೊಂಡರೆ?

ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲು ಆಗಬೇಕು, ಕಾಯ್ದೆಯಲ್ಲೂ ಅದೇ ಇದೆ. ಪಟ್ಟಿ ಕೊಟ್ಟಿದ್ದರೆ ಇಲ್ಲಿ ಸಿಕ್ಕಿಬೀಳುತ್ತೀರಿ. ಡೌನ್‌ಲೋಡ್ ಆದ ಫೈಲನ್ನು ಯಾವ ನಿಯಮವೂ ವಾಪಸ್ ತರಲಾರದು. ಉತ್ತರ ಮಾತ್ರ ಕೊಡುತ್ತಿದ್ದರೆ ಮರುದಿನದಿಂದ ಉತ್ತರ ನಿಲ್ಲಿಸಿದರಾಯಿತು.

ನೋಡಿ ಕಲಿಯಲು ನಮ್ಮ ದೇಶದಲ್ಲೇ ಒಂದು ಮಾದರಿ ಇದೆ. ರಿಸರ್ವ್ ಬ್ಯಾಂಕ್ 2016ರಲ್ಲಿ ನಿಯಮ ಮಾಡಿದ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆ 2021ರಲ್ಲಿ ಬಳಕೆಗೆ ಬಂತು. ಸಾಲ ಕೊಡುವವರು ನಿಮ್ಮ ಬ್ಯಾಂಕ್ ಲೆಕ್ಕ ನೋಡಬೇಕಾದರೆ, ಯಾವ ಉದ್ದೇಶಕ್ಕೆ, ಎಷ್ಟು ದಿನದ ಲೆಕ್ಕ, ಎಷ್ಟು ಸಲ, ಎಲ್ಲಿವರೆಗೆ ಎಂಬುದೆಲ್ಲ ಒಪ್ಪಿಗೆಯಲ್ಲೇ ಬರೆದಿರುತ್ತದೆ. ನಡುವೆ ನಿಂತು ಸಾಗಿಸುವವರಿಗೆ ಮಾಹಿತಿಯನ್ನು ಓದಲಾಗುವುದಿಲ್ಲ. ನಮ್ಮ ಸ್ಕಾಲರ್‌ಶಿಪ್ ಒಪ್ಪಿಗೆ ಪತ್ರಕ್ಕೆ ಆ ಸಾಲುಗಳನ್ನು ಧಾರಾಳವಾಗಿ ಎತ್ತಿಕೊಳ್ಳಬಹುದು.

ರಾತ್ರಿ ಎರಡು ಗಂಟೆಗೆ ರಕ್ತ ಬೇಕು. ಆಗಲೂ ಅನುಮತಿ ಕೇಳ್ತಾ ಕೂರೋದಾ?

ಬೇಡ. ತುರ್ತಿಗೆ ಬೇರೆ ನಿಯಮ ಬರೆದಿಡಿ. ವೈದ್ಯಕೀಯ ಸಮಿತಿಯ ಯಾರೇ ಆಗಲಿ ಕಾರಣ ಬರೆದು, ಬೇಕಾದ ಗುಂಪಿನ ದಾನಿಗಳ ನಂಬರ್ ತೆರೆಯಬಹುದು. ತೆರೆದ ಕ್ಷಣ ಇನ್ನಿಬ್ಬರಿಗೆ ಮೆಸೇಜ್ ಹೋಗಬೇಕು. ಮರುದಿನ ಆ ಕಾರಣವನ್ನು ಬೇರೊಬ್ಬರು ಓದಬೇಕು. ತುರ್ತು ಬಾಗಿಲು ತಿಂಗಳಿಗೆ ಹತ್ತಾರು ಸಲ ತೆರೆಯುತ್ತಿದೆ ಅಂದರೆ ದಿನದ ನಿಯಮವೇ ತೀರಾ ಬಿಗಿಯಾಗಿದೆ ಅಂತ ಅರ್ಥ, ಅದನ್ನು ಸಡಿಲಿಸಿ.

ಯಾರು ಏನು ಕೇಳಿದರು ಎಂಬ ದಾಖಲೆಯನ್ನು ಯಾರು ನೋಡಬೇಕು? ಎಷ್ಟು ದಿನ ಇಡಬೇಕು?

ನೋಡುವವರು ಬೇರೆ ಸಂಘದವರಾಗಿರಲಿ. ನಮ್ಮವರ ಬಗ್ಗೆ ನಾವೇ ಪ್ರಶ್ನೆ ಎತ್ತುವುದು ಕಷ್ಟ. ಕಾಯ್ದೆಯ 2025ರ ನಿಯಮಗಳ ಪ್ರಕಾರ ಇಂಥ ದಾಖಲೆಗಳನ್ನು (ಲಾಗ್) ಒಂದು ವರ್ಷ ಇಡಬೇಕು.

ಮಾಹಿತಿ ಸೋರಿಹೋದರೆ?

ಮುಚ್ಚಿಡಬೇಡಿ. ಯಾರ ಮಾಹಿತಿ ಹೋಯಿತೋ ಅವರಿಗೆ ತಡಮಾಡದೆ ತಿಳಿಸಬೇಕು. ಕಾಯ್ದೆಯಡಿ ಇರುವ ಮಾಹಿತಿ ರಕ್ಷಣಾ ಮಂಡಳಿಗೂ ಕೂಡಲೇ ಹೇಳಿ, 72 ಗಂಟೆಯೊಳಗೆ ವಿವರ ಕೊಡಬೇಕು. ಪಾಲುದಾರ ಸಂಘಗಳಲ್ಲಿ ಯಾರು ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಒಪ್ಪಂದದಲ್ಲೇ ಬರೆದಿಡಿ. ಆ ಹೊತ್ತಿನಲ್ಲಿ ನಂಬರ್ ಹುಡುಕುತ್ತಾ ಕೂರಬಾರದು.

ಎಲ್ಲಿಂದ ಶುರು ಮಾಡೋಣ? ಸಾಫ್ಟ್‌ವೇರ್ ಯಾವುದು ತರೋಣ?

ಸಾಫ್ಟ್‌ವೇರ್ ಆಮೇಲೆ. ಓಪನ್ ಪಾಲಿಸಿ ಏಜೆಂಟ್ ಎಂಬ ಉಚಿತ ಸಾಧನ ಇದೆ, ನಿಯಮಗಳನ್ನು ಬೇರೆಯಾಗಿ ಬರೆದಿಟ್ಟು ಎಲ್ಲ ಕಡೆ ಒಂದೇ ರೀತಿ ಪಾಲಿಸಲು ಒಳ್ಳೆಯದು. ಆದರೆ ಅದನ್ನು ನೋಡಿಕೊಳ್ಳಲು ಬಲ್ಲವರು ಬೇಕು. ಮೊದಲ ವರ್ಷ ಒಂದೇ ಪ್ರಶ್ನೆ ಹಿಡಿಯಿರಿ: ಒಬ್ಬರಿಗೇ ಎರಡು ಕಡೆಯಿಂದ ಸ್ಕಾಲರ್‌ಶಿಪ್ ಹೋಗುತ್ತಿದೆಯೇ? ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲು ನಿಯಮ, ಒಪ್ಪಿಗೆ ಪತ್ರ ಎರಡೂ ಸಿದ್ಧವಿದ್ದರೆ ಆ ವರ್ಷದ ಅರ್ಜಿಗಳಿಗೇ ಬಳಸಬಹುದು. ಕಾಯಿಲೆಯ ಮಾಹಿತಿಗೆ ಎರಡನೇ ವರ್ಷ ಕೈಹಾಕಿ.

ಈಗಾಗಲೇ ಎಲ್ಲರ ಹತ್ತಿರ ಇರುವ ಹಳೇ ಎಕ್ಸೆಲ್ ಫೈಲ್‌ಗಳನ್ನ ಏನ್ ಮಾಡೋದು?

ಆಡಿಟ್‌ಗೆ ಯಾವುದು ಬೇಕು ಅಂತ ನಿಮ್ಮ ಸಿಎ ಅವರನ್ನು ಕೇಳಿ. ಅಷ್ಟನ್ನು ಒಂದೇ ಜಾಗದಲ್ಲಿ ಪಾಸ್‌ವರ್ಡ್ ಹಾಕಿ ಇಡಿ, ಉಳಿದದ್ದನ್ನು ಅಳಿಸಿ. ಆಧಾರ್ ಜೆರಾಕ್ಸ್‌ಗಳಿದ್ದರೆ ಚೂರು ಮಾಡಿ. ಇನ್ನು ಮುಂದೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ತನ್ನಿ ಅಂತ ಅರ್ಜಿಯಲ್ಲೇ ಅಚ್ಚು ಹಾಕಿಸಿ, ಅದು ಆಧಾರ್ ವೆಬ್‌ಸೈಟಿನಲ್ಲೇ ಸಿಗುತ್ತದೆ. ಮಾಜಿ ಪದಾಧಿಕಾರಿಗಳಿಗೂ ಒಂದು ಫೋನ್ ಮಾಡಿ, ಅವರ ಲ್ಯಾಪ್‌ಟಾಪ್‌ನಲ್ಲಿ ಇರುವುದನ್ನು ಅಳಿಸಲು ಕೇಳಿ. ಹೇಗೆ ಅಂತ ಗೊತ್ತಿಲ್ಲ ಅಂದರೆ ಯಾರಾದರೂ ಹುಡುಗರನ್ನು ಅವರ ಮನೆಗೆ ಕಳಿಸಿ. ಡೌನ್‌ಲೋಡ್ಸ್ ಫೋಲ್ಡರನ್ನೂ ಇಮೇಲಿನ ಸೆಂಟ್ ಪೆಟ್ಟಿಗೆಯನ್ನೂ ನೋಡಲು ಹೇಳಿ, ಹೆಚ್ಚಿನವು ಅಲ್ಲೇ ಸಿಗುತ್ತವೆ.